ತೀರಿಕೊಂಡವರ ಬಟ್ಟೆಯಿಂದ ಕೌದಿ: ಆರು ವಾರದ ಗುಂಪು ನಡೆಸುವುದು ಹೇಗೆ?

ಹಸಿರುಬಾಗಿಲು

ಕಳೆದ ಒಂದು ವರ್ಷದಲ್ಲಿ ಮನೆಯವರನ್ನು ಕಳೆದುಕೊಂಡ ಹತ್ತು ಜನರ ಗುಂಪು. ವಾರಕ್ಕೊಂದು ದಿನ, ಎರಡು ಗಂಟೆ, ಒಟ್ಟು ಆರು ವಾರ. ಹೆಚ್ಚಿನವರು 50 ದಾಟಿದವರು, ಇಬ್ಬರಿಗೆ ಸೂಜಿ ಹಿಡಿದೇ ಗೊತ್ತಿಲ್ಲ. ತೀರಿಕೊಂಡವರ ಸೀರೆ, ಅಂಗಿ, ಪಂಚೆ ತಂದು ತಲಾ ಒಂದು ಪೂರ್ತಿ ಅಳತೆಯ ಕೌದಿ ಹೊಲಿಯುವುದು ಯೋಚನೆ. ಮೊದಲ ದಿನವೇ ಕತ್ತರಿಸಿಬಿಟ್ಟರೆ ಸಮಯ ಉಳಿಯುತ್ತದೆ ಅಂತ ಲೆಕ್ಕ. ಕೌದಿ ಬಲ್ಲವರು, ಆಪ್ತಸಮಾಲೋಚನೆ ಬಲ್ಲವರು ಒಮ್ಮೆ ನೋಡಿ, ಎಲ್ಲಿ ತಪ್ಪಿದೆ ಹೇಳಿ. ಬಣ್ಣ, ಬರವಣಿಗೆ ಸೇರಿಸಬೇಕೋ ಬೇಡವೋ ಅನ್ನೋದೂ ತೀರ್ಮಾನ ಆಗಿಲ್ಲ.

ಧಾರವಾಡ ಪೇಢೆ

ನಮಸ್ಕಾರ್ರಿ. ಪೂರ್ತಿ ಕೌದಿ ಆರು ವಾರದಾಗ ಮುಗಿಯೂದಿಲ್ರಿ, ಅದನ್ನ ಮೊದಲ ತಲಿಯಿಂದ ತಗದು ಹಾಕ್ರಿ. ಲೆಕ್ಕ ಹಾಕಿ ನೋಡ್ರಿ: ಅಂಗುಲಕ್ಕ ನಾಲ್ಕು ಹೊಲಿಗಿ ಅಂದ್ರ ಹೊಸಬರ ಕೈಯಾಗ ಒಂದು ಅಡಿಗೆ ಆರೇಳು ನಿಮಿಷ ಬೇಕು. ಎರಡು ಅಡಿ ಚೌಕಕ್ಕ ಅಂಗುಲಕ್ಕೊಂದು ಸಾಲಿನಂಗ 24 ಸಾಲು, 48 ಅಡಿ ಹೊಲಿಗಿ. ಹತ್ರಹತ್ರ ಐದೂವರೆ ತಾಸು ಆತು. ಅದ 18 ಅಂಗುಲದ ಚೌಕ ಇಟ್ಟುಕೊಂಡ್ರ 27 ಅಡಿ, ಮೂರು ತಾಸಿನ ಕೆಲಸ. ಮಂದಿ ನಡುವ ಸುಮ್ನ ಕುಂದರ್ತಾರ, ಮಾತಾಡ್ತಾರ, ಅಳ್ತಾರ. ಅದಕ್ಕೂ ಟೈಮ್ ಬೇಕಲ್ರಿ. 18 ಅಂಗುಲ ಸಾಕು. ದಿಂಬಿನ ಮ್ಯಾಲೆ ಹಾಕಬಹುದು, ತೊಡಿ ಮ್ಯಾಲೆ ಇಟ್ಕೊಬಹುದು.

ಪದರು ಮೂರಕ್ಕಿಂತ ಜಾಸ್ತಿ ಬ್ಯಾಡ. ಕೆಳಗ ಒಂದು ಗಟ್ಟಿ ನೂಲಿನ ಅರಿವಿ, ನಡುವ ಹಳೇ ಧೋತರ, ಮ್ಯಾಲೆ ತೀರಿಕೊಂಡವರ ಅರಿವಿ ತುಂಡು. ನಾಲ್ಕೈದು ಪದರು ಹಾಕಿದ್ರ ಸೂಜಿ ಬಾಗತೈತಿ, ವಯಸ್ಸಾದವರ ಬೆರಳು ನೋಯತಾವ, ಎರಡನೇ ವಾರಕ್ಕ ಬರೂದ ಬಿಡ್ತಾರ. ದಾರ ಕೈಯಿಂದ ಮೊಣಕೈ ತನಕ, ಅಷ್ಟ. ಉದ್ದ ದಾರ ತಗೊಂಡ್ರ ಪದೇ ಪದೇ ಪೋಣಿಸೂದು ತಪ್ಪತೈತಿ ಅಂತ ಅನಸ್ತೈತಿ ಖರೆ, ಆದ್ರ ಗಂಟು ಬಿದ್ದು ಬಿಡಿಸೂದ್ರಾಗ ಇಮ್ಮಡಿ ಹೊತ್ತು ಹೋಗತೈತಿ. ಮೇಣದಬತ್ತಿ ಮ್ಯಾಲೆ ಒಮ್ಮೆ ಎಳದ್ರ ಗಂಟು ಕಡಿಮಿ. ಸೂಜಿ ಪೋಣಿಸಾಕ ಬರಲಾರದವರಿಗೆ ಐದಾರು ಸೂಜಿ ಮೊದಲ ಪೋಣಿಸಿ ಇಡ್ರಿ. ಕಣ್ಣು ಕಾಣದ್ದಕ್ಕ ಆಗೂ ಸಿಟ್ಟು ದುಃಖದ ಮ್ಯಾಲೆ ಬಂದು ಕುಂತ್ರ ಇಬ್ಬರಿಗೂ ತ್ರಾಸ.

ಮಾತುಮೌನ

ಅಳತೆಯ ವಿಷಯ ಪೇಢೆಯವರು ಹೇಳಿದರು. ನಾನು ಕತ್ತರಿಯ ವಿಷಯ ಹೇಳುತ್ತೇನೆ. ಮೊದಲ ದಿನ ಕೋಣೆಯಲ್ಲಿ ಕತ್ತರಿಯೇ ಇರಬಾರದು. ದುಃಖದಲ್ಲಿರುವವರು ಗುಂಪಿನ ನಡುವೆ ಕೂತಾಗ ಪಕ್ಕದವರನ್ನು ನೋಡಿ ಕತ್ತರಿಸಿಬಿಡುತ್ತಾರೆ. ರಾತ್ರಿ ಮನೆಗೆ ಹೋದ ಮೇಲೆ “ಅಮ್ಮನ ಸೀರೆ ಹಾಳು ಮಾಡಿದೆ” ಎಂಬ ಹೊಸ ಸಂಕಟ ಶುರುವಾಗುತ್ತದೆ, ಹಳೆಯದರ ಮೇಲೆ ಇನ್ನೊಂದು. ಕತ್ತರಿಸಿದ್ದನ್ನು ಕೂಡಿಸಲು ಆಗದು.

ಮೊದಲ ವಾರ ಒಂದೇ ಒಂದು ಬಟ್ಟೆ ತರಲಿ. ಮಡಿಲಲ್ಲಿ ಇಟ್ಟುಕೊಂಡು ಕೂರಲಿ. ದೊಡ್ಡ ಹಾಳೆಯಲ್ಲಿ ಅದರ ಆಕಾರವನ್ನು ಪೆನ್ಸಿಲಿನಲ್ಲಿ ಬಿಡಿಸಿ, ಎಲ್ಲಿ ಹರಿದಿದೆ, ಎಲ್ಲಿ ಕಲೆ ಇದೆ, ಯಾವ ಗುಂಡಿ ಬದಲಾಗಿದೆ ಅಂತ ಗುರುತು ಹಾಕಲಿ. ಇಡೀ ಮನುಷ್ಯನನ್ನು ನೆನೆಸಿಕೊಳ್ಳಿ ಅಂದರೆ ಮಾತು ನಿಂತುಹೋಗುತ್ತದೆ. ಅಂಗಿಯ ಎಡಗೈ ಮಡಿಕೆ ಯಾಕೆ ಸವೆದಿದೆ ಅಂದರೆ ಮಾತು ತಾನಾಗಿ ಬರುತ್ತದೆ. ಇಲ್ಲಿ ನೀರುಬಣ್ಣ ಬೇಡ, ಪೆನ್ಸಿಲ್ಲೇ ಇರಲಿ. ಕಲಾಚಿಕಿತ್ಸೆಯಲ್ಲಿ ಸಾಮಗ್ರಿಯನ್ನು ಹರಿಯುವಂಥದ್ದು, ತಡೆಯುವಂಥದ್ದು ಅಂತ ನೋಡುವ ಪದ್ಧತಿ ಇದೆ. ಸಾಂಡ್ರಾ ಕಾಗಿನ್, ವಿಯಾ ಲುಸೆಬ್ರಿಂಕ್ 1978ರಲ್ಲಿ ಕಟ್ಟಿದ ಚೌಕಟ್ಟಿನ ಭಾಗ ಅದು. ನೀರುಬಣ್ಣ, ಒದ್ದೆ ಜೇಡಿಮಣ್ಣು ಕೈಮೀರಿ ಹರಿಯುತ್ತವೆ, ಜೊತೆಗೆ ಭಾವನೆಯನ್ನೂ ಎಳೆದುಕೊಂಡು ಬರುತ್ತವೆ. ಪೆನ್ಸಿಲ್, ಸೂಜಿ, ಗಟ್ಟಿ ಬಟ್ಟೆ ಕೈಗೆ ಎದುರು ನಿಲ್ಲುತ್ತವೆ, ಹಿಡಿತ ನಮ್ಮಲ್ಲೇ ಇರುತ್ತದೆ. ಹೊಸ ದುಃಖಕ್ಕೆ ಕೌದಿ ಒಗ್ಗುವುದು ಈ ಕಾರಣಕ್ಕೆ.

ಇನ್ನೊಂದು, ಹತ್ತು ಜನ ಜಾಸ್ತಿ. ನಡೆಸುವವರು ಒಬ್ಬರಾದರೆ ಆರು, ಇಬ್ಬರಾದರೆ ಎಂಟು. ಒಬ್ಬರು ಎದ್ದು ಹೊರಗೆ ಹೋದಾಗ ಅವರ ಹಿಂದೆ ಹೋಗುವವರು ಬೇಕು, ಒಳಗಿರುವವರ ಜೊತೆ ಕೂರುವವರೂ ಬೇಕು.

ಅಂಚುಸೆರಗು

ಕತ್ತರಿ ಹಿಡಿಯಲು ಮನಸ್ಸು ಬಾರದವರಿಗೆ ದಾರಿ ಇದೆ, ಕತ್ತರಿಸಬೇಡಿ, ಬಿಚ್ಚಿ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸೀಮ್ ರಿಪ್ಪರ್ ಅಂತ ಕೇಳಿದರೆ ಕೊಡುತ್ತಾರೆ, ಬೆರಳುದ್ದದ್ದು. ಕವಲಿನ ಚೂಪು ತುದಿಯನ್ನು ಹೊಲಿಗೆಯ ಕೆಳಗೆ ತೂರಿಸಿ ಮೂರು ನಾಲ್ಕು ಹೊಲಿಗೆಗೊಂದು ಕಡಿದು, ಹಿಂಬದಿಯ ದಾರ ಎಳೆದರೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಗಂಡಸರ ಪೂರ್ತೋಳಿನ ಅಂಗಿ ಬಿಚ್ಚಲು ಗಂಟೆಯ ಮೇಲೆ ಬೇಕು. ಬೆನ್ನು, ಎರಡು ಮುಂಭಾಗ, ಎರಡು ತೋಳು, ಭುಜದ ಪಟ್ಟಿ, ಕಾಲರ್, ಕಫ್, ಜೇಬು ಬೇರೆ ಬೇರೆ ಆಗಿ ಕೈಗೆ ಬರುತ್ತವೆ. ಟೈಲರ್ ಹೇಗೆ ಜೋಡಿಸಿದ್ದನೋ ಅದರ ಉಲ್ಟಾ. ಕತ್ತರಿ ಬಟ್ಟೆಯನ್ನೇ ಸೀಳುತ್ತದೆ. ಬಿಚ್ಚಿದಾಗ ಹೋಗುವುದು ದಾರ ಮಾತ್ರ, ಬಟ್ಟೆ ಇದ್ದ ಹಾಗೇ ಇರುತ್ತದೆ. ಎರಡನೇ ವಾರವನ್ನು ಪೂರ್ತಿ ಇದಕ್ಕೇ ಬಿಡಿ. ಕಾಲರಿನ ಒಳಮಡಿಕೆ ಬಿಚ್ಚಿದಾಗ ಒಳಗೆ ಹೊಸ ಬಟ್ಟೆಯ ಬಣ್ಣ ಹಾಗೇ ಇರುತ್ತದೆ, ಬಿಸಿಲು ಬೆವರು ತಾಗದ್ದು. ಮೇಲೆ ಮಾಸಿದ ನೀಲಿ, ಒಳಗೆ ಅಂಗಡಿಯಿಂದ ತಂದ ದಿನದ ನೀಲಿ. ಆ ಜಾಗ ಬಂದಾಗ ಗುಂಪು ಸುಮ್ಮನಾಗುತ್ತದೆ. ಮಾತಾಡಿಸಲು ಹೋಗಬೇಡಿ.

ಜೇಬನ್ನು ಮಾತ್ರ ಮುಂಭಾಗದಿಂದ ಬಿಚ್ಚದೆ ಇದ್ದ ಹಾಗೇ ಉಳಿಸಿ. ಬಳಕೆ ಇದೆ, ಬರವಣಿಗೆಯವರು ಬಂದರೆ ಹೇಳುತ್ತಾರೆ.

ಸೀರೆಗೆ ಈ ಉಪಾಯ ನಡೆಯದು, ಕತ್ತರಿಸಲೇಬೇಕು. ಕತ್ತರಿಸುವ ಮುಂಚೆ ಪೂರ್ತಿ ಹಾಸಿ ಒಂದು ಫೋಟೋ. ಹಳೆ ನೂಲಿನ ಸೀರೆ ಮಡಿಕೆ ಬಿದ್ದ ಗೆರೆಯಲ್ಲೇ ಮೊದಲು ಹರಿಯುವುದು, ಬೆಳಕಿಗೆ ಹಿಡಿದರೆ ಅಲ್ಲಿ ಎಳೆ ತೆಳ್ಳಗಾಗಿರುವುದು ಕಾಣುತ್ತದೆ. ತುಂಡು ತೆಗೆಯುವಾಗ ಆ ಗೆರೆ ನಡುವೆ ಬರದಂತೆ ನೋಡಿ. ಜರಿ ಅಂಚಿನಲ್ಲಿ ಸೂಜಿ ಒರಟಾಗಿ ತೂರಿದರೆ ಎಳೆ ಕಿತ್ತುಬರುತ್ತದೆ, ಅಂಚನ್ನು ಚುಚ್ಚದೆ ಪಕ್ಕದಲ್ಲಿ ಹೊಲಿಗೆ ಹಾಕಿ.

ಧಾರವಾಡ ಪೇಢೆ

ಇಳಕಲ್ ಸೀರಿಗೆ ಇನ್ನೊಂದು ಮಾತು. ಹೆಚ್ಚಿನ ಇಳಕಲ್ ಸೀರಿ ಮೈ ನೂಲು, ಸೆರಗು ರೇಶ್ಮಿ. ಎರಡನ್ನೂ ಮಗ್ಗದ ಮ್ಯಾಲೆ ಕೊಂಡಿ ಹಾಕಿ ಜೋಡಿಸಿರ್ತಾರ. ತೊಳದ್ರ ನೂಲು ಒಂದು ನಮೂನಿ ಕುಗ್ಗತೈತಿ, ರೇಶ್ಮಿ ಒಂದು ನಮೂನಿ. ಅದಕ್ಕ ಕೊಂಡಿ ನಡುವ ಬರೂವಂಗ ತುಂಡು ತಗೀಬ್ಯಾಡ್ರಿ, ಸುಕ್ಕು ಬೀಳತೈತಿ. ಕೆಂಪು ಸೆರಗು ಬಣ್ಣ ಬಿಡತೈತೇನು ಅಂತ ಮೊದಲ ನೋಡ್ರಿ. ಬಿಳೇ ಅರಿವಿ ಒದ್ದಿ ಮಾಡಿ ಸೆರಗಿನ ಮೂಲ್ಯಾಗ ಐದು ನಿಮಿಷ ಒತ್ತಿ ಹಿಡೀರಿ. ಕೆಂಪು ಹತ್ತಿದ್ರ ಅದನ್ನ ಬಿಳೇ ಧೋತರದ ಪಕ್ಕ ಹೊಲೀಬ್ಯಾಡ್ರಿ, ಮೊದಲ ತೊಳತಕ್ಕ ಎಲ್ಲಾ ಗುಲಾಬಿ ಆಗತೈತಿ.

ನೂಲೆಳೆ

ತೊಳೆಯುವ ಮಾತು ಬಂತು, ವಾಸನೆಯ ಮಾತು ಯಾರೂ ಎತ್ತಲಿಲ್ಲ. ಹೊಲಿಯುವ ಬಟ್ಟೆ ಒಗೆದೇ ಇರಬೇಕು. ಬೆವರು, ಬೂಷ್ಟು ಇದ್ದರೆ ಬಟ್ಟೆ ಬೇಗ ಜೀರ್ಣವಾಗುತ್ತದೆ, ಆಸ್ಪತ್ರೆಯಿಂದ ಬಂದ ಬಟ್ಟೆಯಂತೂ ಬಿಸಿನೀರು ಕಾಣದೆ ಗುಂಪಿನೊಳಗೆ ಬರಲೇಬಾರದು. ಆದರೆ ಒಮ್ಮೆ ಒಗೆದರೆ ಆ ಮನುಷ್ಯನ ವಾಸನೆ ಹೋಯಿತು, ಮತ್ತೆ ಬರುವುದಿಲ್ಲ. “ಒಗೆದು ತನ್ನಿ” ಅಂತ ಮುಂಚೆಯೇ ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿದರೆ ಜನ ಬಾತ್ರೂಮಿಗೆ ಹೋಗಿ ನೆನೆಸಿಬಿಡುತ್ತಾರೆ. ಸಂದೇಶವನ್ನು ಹೀಗೆ ಕಳಿಸಿ: ಒಗೆಯುವ ಮೊದಲು ಬಟ್ಟೆಯನ್ನು ಮೂಸಿ ನೋಡಿ, ಇಟ್ಟುಕೊಳ್ಳಬೇಕು ಅನ್ನಿಸಿದರೆ ಒಂದನ್ನು, ಟವೆಲ್ಲೋ ಕುತ್ತಿಗೆಗೆ ಸುತ್ತುತ್ತಿದ್ದ ಶಾಲೋ, ಒಗೆಯದೆ ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿಡಿ, ಉಳಿದದ್ದನ್ನು ಒಗೆದು ತನ್ನಿ. ಮುಚ್ಚಿಟ್ಟದ್ದು ಒದ್ದೆ ಇದ್ದರೆ ಬೂಷ್ಟು ಹಿಡಿಯುತ್ತದೆ, ಒಣಗಿದ್ದೇ ಆಗಬೇಕು.

ಹಳೇಮರ

ಎಲ್ಲಾ ಸರಿ. ಆದರೆ ಎಷ್ಟೋ ಮನೆಗಳಲ್ಲಿ ತೀರಿಕೊಂಡವರ ಬಟ್ಟೆ ಇಟ್ಟುಕೊಳ್ಳುವುದೇ ಇಲ್ಲ, ಯಾರಿಗಾದರೂ ಕೊಟ್ಟುಬಿಡುತ್ತಾರೆ. ವರ್ಷ ಕಳೆಯುವ ತನಕ ಮುಟ್ಟಬಾರದು ಅನ್ನುವವರೂ ಇದ್ದಾರೆ. ಸೊಸೆ ಗುಂಪಿಗೆ ಬಂದು ಅತ್ತೆಯ ಸೀರೆ ಕತ್ತರಿಸಿದಳು ಅಂತ ಮನೆಯಲ್ಲಿ ರಂಪ ಆದರೆ ನೀವು ಹೋಗಿ ಬಿಡಿಸುತ್ತೀರಾ?

ಮಾತುಮೌನ

ಹಳೇಮರ ಸರ್, ಕೇಳಬೇಕಾದ ಪ್ರಶ್ನೆ. ಗುಂಪು ಶುರುವಾಗುವ ವಾರದ ಮುಂಚೆ ಒಬ್ಬೊಬ್ಬರ ಜೊತೆ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಲೇಬೇಕು. ಅಲ್ಲಿ ಕೇಳಬೇಕಾದದ್ದು: ಈ ಬಟ್ಟೆಯ ಮೇಲೆ ಮನೆಯಲ್ಲಿ ಬೇರೆ ಯಾರಿಗೆ ಹಕ್ಕಿದೆ, ಅವರು ಒಪ್ಪಿದ್ದಾರಾ? ಒಪ್ಪದಿದ್ದರೆ ಜಗಳ ಬೇಡ. ಹಾಸಿಗೆ ಹೊದಿಕೆ, ಸಂತೆಗೆ ಒಯ್ಯುತ್ತಿದ್ದ ಬಟ್ಟೆ ಚೀಲ, ಕಿಟಕಿ ಪರದೆಯೂ ಆಗುತ್ತದೆ, ಮೈಮೇಲೆ ಉಟ್ಟದ್ದೇ ಆಗಬೇಕೆಂದಿಲ್ಲ. ಕೊನೆಯ ಗಳಿಗೆಯಲ್ಲಿ ಮೈಮೇಲಿದ್ದ ಬಟ್ಟೆ ಬೇಡ ಎಂಬುದಕ್ಕೆ ಮಡಿ ಮೈಲಿಗೆಯ ಹೊರತಾಗಿಯೂ ಕಾರಣವಿದೆ. ಆ ಬಟ್ಟೆ ಮನುಷ್ಯನ ಬದುಕಿಗಿಂತ ಅವರ ಸಾವನ್ನೇ ನೆನಪಿಸುತ್ತದೆ.

ಅದೇ ಫೋನಿನಲ್ಲಿ ಇನ್ನೆರಡು ವಿಷಯ ತಿಳಿದುಕೊಳ್ಳಿ. ಸಾವು ಹೇಗಾಯಿತು, ಎಷ್ಟು ದಿನವಾಯಿತು. ಆತ್ಮಹತ್ಯೆ, ಅಪಘಾತ, ಮಗುವಿನ ಸಾವು ಆದವರನ್ನು ಎಲ್ಲರ ಜೊತೆ ಒಂದೇ ಗುಂಪಿಗೆ ಹಾಕಬೇಡಿ, ಅವರ ಜೊತೆ ತರಬೇತಿ ಪಡೆದವರು ಇರಬೇಕು. ಮೊದಲ ಒಂದೆರಡು ತಿಂಗಳಲ್ಲಿರುವವರಿಗೆ ಇನ್ನೊಂದು ತಂಡಕ್ಕೆ ಬನ್ನಿ ಅನ್ನುವುದು ವಾಸಿ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, “ನಾನೂ ಹೋಗಿಬಿಡಬೇಕು” ಎಂಬ ಮಾತು ಬಂದರೆ ಕೌದಿಯ ಕೆಲಸವಲ್ಲ ಅದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ಹತ್ತಿರದವರಿಗೆ ನಿಮ್ಹಾನ್ಸ್, ಉಳಿದವರಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು. ಸಂಖ್ಯೆಯನ್ನು ಮೊದಲ ದಿನವೇ ಎಲ್ಲರ ಚೀಲದಲ್ಲೂ ಒಂದು ಚೀಟಿಯಲ್ಲಿ ಹಾಕಿಡಿ. ಬೇಕಾದವರಿಗೆ ಮಾತ್ರ ಕೊಟ್ಟರೆ ಉಳಿದವರ ಮುಂದೆ ಅವರು ಬೇರೆಯಾಗುತ್ತಾರೆ.

ವರ್ಷ ದಾಟಿದರೂ ಮೊದಲ ದಿನದ ತೀವ್ರತೆಯೇ ಉಳಿದು ದಿನದ ಕೆಲಸ ಸಾಗದಿದ್ದರೆ ಅದಕ್ಕೆ ವೈದ್ಯಕೀಯದಲ್ಲಿ ಈಗ ಹೆಸರಿದೆ, ದೀರ್ಘಕಾಲದ ದುಃಖದ ಕಾಯಿಲೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ 2022ರಲ್ಲಿ ಸೇರಿತು, ದೊಡ್ಡವರಿಗೆ 12 ತಿಂಗಳ ಮಿತಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 6 ತಿಂಗಳು. ಹೆಸರು ಹಚ್ಚುವುದು ವೈದ್ಯರ ಕೆಲಸ, ಗುಂಪು ನಡೆಸುವವರದ್ದಲ್ಲ.

ತಿಳಿಹಾಳೆ

ಇಷ್ಟೆಲ್ಲಾ ಯಾಕೆ? ಮಂಡಲ ಚಿತ್ರದ ಪುಸ್ತಕ, ಒಂದು ಡಬ್ಬಿ ಬಣ್ಣದ ಪೆನ್ಸಿಲ್ ಕೊಟ್ಟರೆ ಮನಸ್ಸು ತಣ್ಣಗಾಗುತ್ತದೆ. ಸಂಶೋಧನೆಯೇ ಇದೆ.

ನೂಲೆಳೆ

ಇದೆ, ಆದರೆ ಅದು ಹೇಳುವುದು ಅಷ್ಟನ್ನಲ್ಲ. ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 2005ರಲ್ಲಿ 84 ಕಾಲೇಜು ವಿದ್ಯಾರ್ಥಿಗಳಲ್ಲಿ ಮೊದಲು ಆತಂಕ ಹುಟ್ಟಿಸಿ, ಆಮೇಲೆ 20 ನಿಮಿಷ ಬಣ್ಣ ತುಂಬಿಸಿದರು. ಮಂಡಲ ತುಂಬಿದವರಲ್ಲಿ, ಚೌಕುಳಿ ವಿನ್ಯಾಸ ತುಂಬಿದವರಲ್ಲಿ ಆತಂಕ ಇಳಿಯಿತು, ಖಾಲಿ ಹಾಳೆಯವರಲ್ಲಿ ಅಷ್ಟು ಇಳಿಯಲಿಲ್ಲ. ಅಂದರೆ ಮಂಡಲವೇ ಆಗಬೇಕಾಗಿರಲಿಲ್ಲ, ಚೌಕುಳಿಯೂ ಸಾಕಾಗಿತ್ತು. ಕೈಗೆ ಒಂದು ಕ್ರಮ ಬೇಕು, ಅಷ್ಟೇ. ಸಾಲು ಹೊಲಿಗೆಗೂ ಆ ಕ್ರಮ ಇದೆ. ಆ ಗಳಿಗೆಯ ಆತಂಕ ಇಳಿಯುವುದು ಒಂದು, ಸತ್ತವರ ಬಗ್ಗೆ ಮಾತಾಡಲು ಬಾಯಿ ಬರುವುದು ಇನ್ನೊಂದು. ಬಣ್ಣದ ಪುಸ್ತಕದಿಂದ ಮೊದಲನೆಯದು ಆಗುತ್ತದೆ. ಬೇಗ ಬಂದವರು ಕಾಯುವ ಹೊತ್ತಿಗೆ ಇಟ್ಟುಕೊಳ್ಳಿ, ಚೆನ್ನಾಗಿರುತ್ತದೆ.

ಬರೆವಬೆರಳು

ಬರವಣಿಗೆಯ ಬಗ್ಗೆ ಕೇಳಿದ್ದಿರಿ. ಪೆನ್ನಿಬೇಕರ್ ಮತ್ತು ಬೀಲ್ ಎಂಬ ಸಂಶೋಧಕರ 1986ರ ವಿಧಾನ ಎಲ್ಲ ಕಡೆ ಓಡಾಡುತ್ತದೆ: ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಅಲ್ಲಾಡಿಸಿದ ಘಟನೆಯ ಬಗ್ಗೆ ನಿಲ್ಲಿಸದೆ ಬರೆಯುವುದು. ಬರೆದ ತಕ್ಷಣ ಬೇಸರ ಜಾಸ್ತಿಯಾಗಿತ್ತು, ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಮ್ಮಿಯಾಗಿತ್ತು. ಅದನ್ನು ಹಾಗೇ ತಂದು ಈ ಗುಂಪಿಗೆ ಹಾಕಬೇಡಿ. ಸಂಗಾತಿಯನ್ನು ಕಳೆದುಕೊಂಡವರ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ಸ್ಟ್ರೋಬೆ ಮತ್ತು ಸಂಗಡಿಗರು ಮಾಡಿದ 2002ರ ಅಧ್ಯಯನದಲ್ಲಿ ಇಂಥ ಬರವಣಿಗೆಯಿಂದ ಚೇತರಿಕೆ ಬೇಗ ಆಗಲಿಲ್ಲ. ಬರೆದರೆ ಎಲ್ಲಾ ಹಗುರಾಗುತ್ತದೆ ಅನ್ನುವ ಮಾತು ಇಲ್ಲಿ ಬೇಡ.

ಉಪಯೋಗಕ್ಕೆ ಬರುವುದು ಸಣ್ಣದು, ಎದುರಿಗೆ ಓದುಗರಿರುವಂಥದು. ಅಂಚುಸೆರಗು ಮೇಡಂ ಉಳಿಸಿ ಅಂದ ಜೇಬು ಅದಕ್ಕೇ. ಐದನೇ ವಾರ ಹತ್ತು ನಿಮಿಷ, ಒಂದು ಚೀಟಿ, ತೀರಿಕೊಂಡವರಿಗೇ ಬರೆಯುವುದು. ಶುರು ಮಾಡಲು ಒಂದು ಸಾಲು ಕೊಡಿ: “ನೀವು ಹೋದ ಮೇಲೆ ಮನೆಯಲ್ಲಿ ಇದೊಂದು ಬದಲಾಗಿದೆ.” ದುಃಖವನ್ನೇ ಬರೆಯಿರಿ ಅಂದರೆ ಪೆನ್ನು ನಿಲ್ಲುತ್ತದೆ. ಹಾಲು ಅರ್ಧ ಲೀಟರಿಗೆ ಇಳಿಸಿದ್ದೇವೆ ಅನ್ನುವುದು ಯಾರಿಗೂ ಬರೆಯಲು ಬರುತ್ತದೆ. ಅಕ್ಷರ ಬಾರದವರು ಹೇಳಲಿ, ಪಕ್ಕದವರು ಬರೆಯಲಿ. ಯಾರೂ ಜೋರಾಗಿ ಓದುವುದು ಬೇಡ. ಚೀಟಿ ಜೇಬಿಗೆ ಹೋಗಲಿ.

ಕೌದಿಯ ಪದರದೊಳಗೆ ಕಾಗದ ಇಟ್ಟು ಹೊಲಿದುಬಿಡುವವರಿದ್ದಾರೆ. ಮೊದಲ ತೊಳೆತಕ್ಕೆ ಮುದ್ದೆಯಾಗಿ ಗಂಟುಗಂಟಾಗಿ ಕೈಗೆ ಸಿಗುತ್ತದೆ, ಮತ್ತೆ ತೆಗೆಯಲೂ ಬರುವುದಿಲ್ಲ. ಜೇಬಿಗೆ ಗುಂಡಿ ಹಚ್ಚಿದರೆ ತೊಳೆಯುವಾಗ ತೆಗೆಯಬಹುದು, ಆರು ತಿಂಗಳ ಮೇಲೆ ಬೇರೆ ಚೀಟಿ ಇಡಬಹುದು. ಒಳಗೇ ಇರಬೇಕು ಅನ್ನುವವರು ಬಿಳಿ ನೂಲಿನ ಬಟ್ಟೆ ಮೇಲೆ ಬಟ್ಟೆಗೆ ಬರೆಯುವ ಮಾರ್ಕರಿನಲ್ಲಿ ಬರೆದು, ಒಣಗಿಸಿ, ಇಸ್ತ್ರಿ ಹಾಕಿ ಸೇರಿಸಲಿ.

ಜೇಬಿನ ಯೋಚನೆ ಹೊಸತಲ್ಲ. ಚಿಲಿಯಲ್ಲಿ 1973ರ ಸೈನಿಕ ದಂಗೆಯ ಮೇಲೆ ಕಾಣೆಯಾದವರ ತಾಯಂದಿರು, ಹೆಂಡಂದಿರು ಗೋಣಿತಾಟಿನ ಮೇಲೆ ಬಟ್ಟೆ ಚೂರು ಹೊಲಿದು ಚಿತ್ರ ಮಾಡುತ್ತಿದ್ದರು, ಆರ್ಪಿಯೆರಾ ಅಂತ ಹೆಸರು. ಕೆಲವದರ ಹಿಂದೆ ಪುಟ್ಟ ಜೇಬು, ಅದರೊಳಗೆ ಹೊಲಿದವರ ಚೀಟಿ ಇರುತ್ತಿತ್ತು.

ದೂರದತೀರ

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಏಡ್ಸ್ ಸ್ಮಾರಕ ಕೌದಿಯನ್ನೂ ನೆನೆಯಬೇಕು. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಹಾಸಿದಾಗ 1,920 ತುಂಡುಗಳಿದ್ದವು, ಒಂದೊಂದು 3 ಅಡಿಗೆ 6 ಅಡಿ, ಒಬ್ಬ ಮನುಷ್ಯನ ಗೋರಿಯಷ್ಟು. ಆ ಅಳತೆ ಬೇಕಂತಲೇ ಇಟ್ಟದ್ದು, ಆದರೆ ಅದು ಜಗತ್ತಿಗೆ ತೋರಿಸಲು ಮಾಡಿದ್ದು. ಇಲ್ಲಿನದು ಮನೆಯಲ್ಲಿ ಇಟ್ಟುಕೊಳ್ಳಲು, ಆದ್ದರಿಂದ ಪ್ರದರ್ಶನ ಇಟ್ಟು ಪೇಪರಿನವರನ್ನು ಕರೆಸುವ ಆಸೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ. ಕೊನೆಗೆ ತೋರಿಸಬೇಕು ಅಂತ ಗೊತ್ತಾದರೆ ಜನ ಚೆಂದಕ್ಕೆ ಹೊಲಿಯುತ್ತಾರೆ.

ನನ್ನದೊಂದು ಪ್ರಶ್ನೆ. ಅಣ್ಣತಂಗಿಯರು ಮೂರು ದೇಶದಲ್ಲಿದ್ದು ಅಮ್ಮನದು ಒಂದೇ ಸೀರೆ ಉಳಿದಿದ್ದರೆ ಹಂಚುವುದು ಹೇಗೆ?

ಅಂಚುಸೆರಗು

ಐದೂವರೆ ಮೀಟರ್ ಅಂದರೆ ಸುಮಾರು 216 ಅಂಗುಲ, ಅಗಲ 45 ಅಂಗುಲ. 18 ಅಂಗುಲದ ಚೌಕ ಉದ್ದಕ್ಕೆ 12, ಅಗಲಕ್ಕೆ 2, ಒಟ್ಟು 24 ಸಿಗುತ್ತದೆ. ಬಟ್ಟೆಗೆ ಕೊರತೆಯಿಲ್ಲ, ಜಗಳ ಬರುವುದು ಸೆರಗಿಗೆ. ಕತ್ತರಿ ಹಾಕುವ ಮೊದಲೇ ವಿಡಿಯೋ ಕಾಲಿನಲ್ಲಿ ಎಲ್ಲರೂ ಕೂತು ಸೆರಗು ಯಾರಿಗೆ ಅಂತ ಮುಗಿಸಿಕೊಳ್ಳಿ. ಮೂರು ಪಾಲು ಮಾಡುವುದಾದರೆ ಸೆರಗನ್ನು ಉದ್ದುದ್ದ ಪಟ್ಟಿಯಾಗಿ ಸೀಳಿ, ಪ್ರತಿ ಪಟ್ಟಿಗೂ ತುದಿಯ ಕುಚ್ಚು ಬರುವ ಹಾಗೆ.

ಕಾಡುದಾರಿ

ಮಾದರಿ, ಚೌಕ, ಅಳತೆ ಅಂತ ತಲೆ ಕೆಡಿಸಿಕೊಳ್ಳಲು ಆಗದವರೂ ಇರುತ್ತಾರೆ. ದುಃಖದಲ್ಲಿ ಯಾವ ತುಂಡು ಎಲ್ಲಿ ಅನ್ನುವ ಸಣ್ಣ ತೀರ್ಮಾನವೂ ಬೆಟ್ಟ. ಅಂಥವರಿಗೆ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯ (ಅವರ ಕೌದಿಯ) ಕ್ರಮ ಹೇಳಿಕೊಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ಹೊಲಿಯುತ್ತಾರೆ. ಅಡಿಗೆ ಒಂದು ಬಟ್ಟೆ ಹಾಸಿ, ಅಂಚಿನ ಒಂದು ಮೂಲೆಯಿಂದ ತುಂಡು ಇಟ್ಟು ಮಡಚಿ ಹೊಲಿಯುತ್ತಾ ಸುತ್ತ ಬಂದು, ಸುತ್ತು ಸುತ್ತಾಗಿ ನಡುವಿಗೆ ಮುಗಿಸುತ್ತಾರೆ. ಮೊದಲೇ ನಕ್ಷೆ ಬೇಡ. ಈಗ ಕೈಲಿರುವ ತುಂಡು ಯಾವುದು, ಅದರ ಪಕ್ಕ ಯಾವುದು, ಇಷ್ಟೇ ಯೋಚನೆ. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ಮುಕ್ಕೋನ ಕೂರಿಸುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಹೇಳಿಕೊಡುವಾಗ ಇದು ಅವರ ವಿದ್ಯೆ ಅಂತ ಹೇಳಿಯೇ ಕೊಡಿ. ಸಾಧ್ಯವಾದರೆ ಅವರಲ್ಲೇ ಒಬ್ಬರನ್ನು ಸಂಭಾವನೆ ಕೊಟ್ಟು ಒಂದು ದಿನ ಕರೆಸಿ.

ಮಾತುಮೌನ

ನಡೆಸುವವರಿಗೆ ಇನ್ನು ಸ್ವಲ್ಪ. ಯಾರದ್ದೇ ಕೌದಿಯನ್ನು ಅರ್ಥ ಮಾಡಿ ಹೇಳಬೇಡಿ. ನಡುವೆ ಕಪ್ಪು ತುಂಡು ಬಂದರೆ ಖಿನ್ನತೆ ಅಲ್ಲ, ಅವರಿಗೆ ಕಪ್ಪು ಚೌಕುಳಿ ಲುಂಗಿ ಇಷ್ಟವಿತ್ತು ಅಷ್ಟೇ ಇರಬಹುದು. “ಯಾಕೆ ಹೀಗೆ ಇಟ್ಟಿರಿ?” ಅಂದರೆ ಪರೀಕ್ಷೆ ಆಗುತ್ತದೆ. “ಈ ತುಂಡಿನ ಬಗ್ಗೆ ಹೇಳ್ತೀರಾ?” ಸಾಕು, ಹೇಳದಿದ್ದರೂ ಸರಿ. ಯಾರಾದರೂ ಅತ್ತ ಕೂಡಲೇ ಕರ್ಚೀಫು ಹಿಡಿದು ಓಡಬೇಡಿ, ಅದು “ಸಾಕು ಮಾಡಿ” ಎಂದ ಹಾಗೆ. ಟಿಶ್ಯೂ ಡಬ್ಬಿ ಮೇಜಿನ ನಡುವೆ ಇರಲಿ, ಬೇಕಾದವರು ತಗೊಳ್ಳುತ್ತಾರೆ. ಉಳಿದ ಸದಸ್ಯರು “ಅಳಬೇಡಿ, ಎಲ್ಲಾ ದೇವರಿಚ್ಛೆ” ಅನ್ನಲು ಶುರು ಮಾಡುತ್ತಾರೆ. ಮೊದಲ ದಿನವೇ ಒಂದು ನಿಯಮ ಹೇಳಿಬಿಡಿ, ಇಲ್ಲಿ ಯಾರೂ ಯಾರಿಗೂ ಸಮಾಧಾನ ಹೇಳುವ ಹಾಗಿಲ್ಲ.

ಅಳುವವರ ಬಗ್ಗೆ ಭಯ ಬೇಡ. ಕೈ ನಿಂತು, ನೋಟ ಒಂದೇ ಕಡೆ ನೆಟ್ಟು, ಹೆಸರು ಕರೆದರೂ ಓ ಅನ್ನದವರ ಕಡೆ ನೋಡಿ. ಹತ್ತಿರ ಕೂತು, ಹೆಸರು ಹಿಡಿದು ಕರೆದು, ಪಾದ ನೆಲಕ್ಕೆ ಊರಲು ಹೇಳಿ, ಎದುರಿಗಿರುವ ಬಟ್ಟೆಯ ಐದು ಬಣ್ಣ ಹೇಳಿಸಿ. ಆಮೇಲೆ ಸೂಜಿ ಪೋಣಿಸಲು ಕೊಡಿ, ಹೊಲಿಯಲು ಅಲ್ಲ.

ಕೊನೆಯ 20 ನಿಮಿಷ ಹೊಲಿಗೆ ಇಲ್ಲ. ಎರಡು ಗಂಟೆಯಲ್ಲಿ ಗುಂಪುಗಳು ಹಾಳಾಗುವುದು ಇಲ್ಲೇ, ಮಾತು ಕಾವೇರಿದಾಗ ಗಂಟೆ ಮುಗಿದು ಜನ ಹಾಗೇ ಬಸ್ಸು ಹತ್ತುತ್ತಾರೆ. ಸೂಜಿಗಳನ್ನು ಎಣಿಸಿ ವಾಪಸ್ ಪಡೆಯಿರಿ, ಹದಿನಾರು ಕೊಟ್ಟರೆ ಹದಿನಾರು ಬರಬೇಕು. ಬಟ್ಟೆ ಮಡಚಿ ಅವರವರ ಚೀಲಕ್ಕೆ ಹಾಕಿ ಬಾಯಿ ಕಟ್ಟಿಸಿ. ಚಹಾ. ಇವತ್ತು ರಾತ್ರಿ ಮನೆಯಲ್ಲಿ ಯಾರಿದ್ದಾರೆ, ಏನಡುಗೆ ಅಂತ ಒಬ್ಬೊಬ್ಬರನ್ನೂ ಕೇಳಿ. ಸ್ಟ್ರೋಬೆ ಮತ್ತು ಶೂಟ್ 1999ರಲ್ಲಿ ಹೇಳಿದ್ದು ಇದನ್ನೇ: ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ಮುಂದಿನ ದಿನಗಳ ಕಡೆಗೂ ಹೋಗಿ ಬರುತ್ತಿರುತ್ತಾರೆ, ಒಂದೇ ಕಡೆ ನಿಲ್ಲಿಸಬಾರದು.

ಹಸಿರುಬಾಗಿಲು

ಎಲ್ಲರಿಗೂ ಧನ್ಯವಾದ. ಯೋಜನೆ ಬದಲಾಯಿತು. ಎಂಟು ಜನ, ನಡೆಸುವವರು ಇಬ್ಬರು, 18 ಅಂಗುಲ, ಮೂರು ಪದರು. ಮೊದಲ ವಾರ ಪೆನ್ಸಿಲ್ ಹಾಳೆ, ಎರಡನೇ ವಾರ ಬಿಚ್ಚುವುದು, ಮೂರು ನಾಲ್ಕರಲ್ಲಿ ಹೊಲಿಗೆ, ಐದರಲ್ಲಿ ಚೀಟಿ, ಆರರಲ್ಲಿ ಅಂಚು. ಫೋನ್ ಮಾತು ಈ ವಾರ. ಮುಗಿಸಲಾಗದವರು ಮನೆಗೆ ಒಯ್ಯಬಹುದೇ? ಮತ್ತೆ ಒಬ್ಬರದು ಮಗನ ಜೀನ್ಸ್ ಪ್ಯಾಂಟ್, ಅದಕ್ಕೆ ಸೂಜಿ ಹೋಗುತ್ತದಾ?

ಧಾರವಾಡ ಪೇಢೆ

ಒಯ್ಲಿ ಬಿಡ್ರಿ, ಮುಗಸಲೇಬೇಕು ಅಂತ ಯಾರೂ ಹೇಳಬ್ಯಾಡ್ರಿ. ಜೀನ್ಸ್ ತೊಡಿ ಭಾಗ ಒಂದ ಪದರು ಆದ್ರ ಹೋಗತೈತಿ, ನಡುವಿನ ಧೋತರ ತಗದು ಎರಡ ಪದರು ಮಾಡ್ರಿ. ಕಾಲಿನ ಬದಿ ದಪ್ಪ ಹೊಲಿಗಿ, ಸೊಂಟದ ಪಟ್ಟಿಗೆ ದಬ್ಬಣನ ಬೇಕು, ಅದು ಈ ಕೆಲಸಕ್ಕ ಬ್ಯಾಡ. ಹಿಂದಿನ ಜೇಬು ಮಾತ್ರ ಬಿಡಬ್ಯಾಡ್ರಿ. ಸುತ್ತಲಿನ ಅರಿವಿ ಸಮೇತ ತಗದು ನಡುವ ಇಡ್ರಿ, ಚೀಟಿ ಅದರಾಗ ಹಿಡಿಸತೈತಿ.